ಬಿಡಿ ನಿಷೇಧಿಸಲಾಗಿದೆ

ಸಂಜೆ ಐದಕ್ಕೆ ಹಿಡಿದ ಮಳೆ ಆರೂವರೆಯಾದರೂ ನಿಲ್ಲುವ ಲಕ್ಷಣ ತೋರಿಸಲಿಲ್ಲ. ಇಳಿಜಾರು ರಸ್ತೆ ಶುರುವಾಗುವ ಮೂಲೆಯಲ್ಲಿದ್ದ ಗ್ಯಾರೇಜಿನ ತಗಡಿನ ಸೂರಿನ ಮೇಲೆ ಅದು ಬಡಿಯುತ್ತಿದ್ದ ರಭಸಕ್ಕೆ, ಪಕ್ಕದಲ್ಲಿ ಕೂತವರೊಂದಿಗೂ ಕೂಗಿಯೇ ಮಾತಾಡಬೇಕಿತ್ತು. ಟ್ಯಾಕ್ಸಿಯವನು ಬಾಗಿಲ ಬಳಿಯ ಬೆಂಚಿನಲ್ಲಿ ರಸ್ತೆಗೆ ಮುಖ ಮಾಡಿ ಕೂತಿದ್ದ. ಚಕ್ರ ಬಿಚ್ಚಿಟ್ಟ ತನ್ನ ಕಾರನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸ್ವಂತದವರ ಗಾಯ ನೋಡಲಾಗದೆ ಕಿಟಕಿ ಕಡೆ ತಿರುಗುತ್ತಾರಲ್ಲ, ಹಾಗೆ. ಹಿಂದಿನ ಚಕ್ರದಲ್ಲಿ ಬ್ರೇಕ್ ಎಣ್ಣೆ ಸೋರುತ್ತಿತ್ತು. ಬೆನ್ನ ಹಿಂದೆ ಕಾರಿನಡಿಯಿಂದ ಮುದುಕನ ಕೂಗು ಕೇಳುತ್ತಿತ್ತು: "ಒತ್ತಿ... ಹಿಡ್ಕೊಳ್ಳಿ." ಮೇಲಿನಿಂದ ಹೆಣ್ಣುದನಿಯೊಂದು, "ಹಿಡಿದೀನಿ." ಮತ್ತೆ ಮುದುಕ, "ಇನ್ನೊಂದ್ಸಲ." ಮಗಳೋ ಸೊಸೆಯೋ ಇರಬೇಕು, ಪಾಪ, ಈ ಮಳೆಯಲ್ಲೂ ದುಡಿಸುತ್ತಾನೆ ಎಂದುಕೊಂಡು ಟ್ಯಾಕ್ಸಿಯವನು ಆಕಳಿಸಿದ.

ಕೆಲಸ ಮುಗಿದು ಚಕ್ರ ಕೂರಿಸುವ ಹೊತ್ತಿಗೆ ಮಳೆ ಇನ್ನೂ ಜೋರಾಯಿತು. ಡ್ಯೂಟಿ ಮುಗಿಸಿದ ನರ್ಸೊಬ್ಬಳು ಮುರಿದ ಕೊಡೆ ಹಿಡಿದು ಓಡಿಬಂದಳು. ಅವಳ ಹಿಂದೆಯೇ ಚೀಲವನ್ನು ಅಂಗಿಯೊಳಗೆ ತುರುಕಿಕೊಂಡು, ಏಳು ತಿಂಗಳ ಬಸುರಿಯಂತೆ ಕಾಣುತ್ತ, ಅಂಚೆಯವನು ನುಗ್ಗಿದ. ನಾಲ್ಕು ಜನರಿಗೆ ಒಂದು ಬಲ್ಬು, ಒಂದು ಬೆಂಚು, ಒಂದು ಕೆಟಲ್ ಚಹ. ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದ ತಗ್ಗಾದ ಕಾರು.

ಅಂಚೆಯವನ ಕಣ್ಣು ಗೋಡೆಯ ಮೇಲಿನ ತಗಡಿಗೆ ಬಿತ್ತು. ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ: ಬಿಡಿ ನಿಷೇಧಿಸಲಾಗಿದೆ.

"ಅಜ್ಜಾ, ಬೀಡಿಗೆ ದೀರ್ಘ ಬೇಕು," ಎಂದ. ದಿನವಿಡೀ ತಪ್ಪು ವಿಳಾಸ ಓದುವವನಿಗೆ ಇಂಥದ್ದು ಕಂಡರೆ ಕೈ ಕಡಿಯುತ್ತದೆ.

ಮುದುಕ ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ತುಕ್ಕು ಕೆರೆದು ಕೆರೆದೇ ಮುಪ್ಪಾದ ಅವನನ್ನು ಎಲ್ಲರೂ ತುಕ್ಕಜ್ಜ ಎನ್ನುತ್ತಿದ್ದರು. ನಗಿಸುವಾಗಲೂ ಅವನ ಮುಖ ಬ್ಯಾಂಕಿನ ಕೌಂಟರಿನಂತೆಯೇ ಇರುತ್ತಿತ್ತು.

"ದೀರ್ಘ ಬೇಕಾಗಿಲ್ಲಪ್ಪ. ಬರೆದೋನು ನಾನೇ. ಸರಿಯಾಗೇ ಬರ್ದಿದೀನಿ. ಸೇದೋದಾದ್ರೆ ಸೇದು, ನಂದೇನೂ ಅಭ್ಯಂತರ ಇಲ್ಲ."

"ಮತ್ತೆ ಅದೇನು?" ಎಂದಳು ನರ್ಸು.

ತುಕ್ಕಜ್ಜ ಟೈರಿನ ಮೇಲೆ ಕೂತು ಲೋಟಗಳಿಗೆ ಚಹ ಬಗ್ಗಿಸಿದ.

"ಕೂತ್ಕೊಳ್ಳಿ ತಾಯಿ. ಹೇಳ್ತೀನಿ. ಮಳೆ ಅಂತೂ ನಿಮ್ಮನ್ನ ಕಳಿಸೋ ಹಂಗೆ ಕಾಣ್ಸಲ್ಲ... ಈ ಟಾರ್ಪಾಲಿನ ಕೆಳಗೆ ಇದ್ಯಲ್ಲ, ಇದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಕೂತ್ರೆ ನೆಲದ ಮೇಲೆ ಕೂತಂಗೆ, ಏಳೋಕೆ ಇನ್ನೊಬ್ಬರು ಕೈ ಕೊಡಬೇಕು. ನಮ್ಮ ಹಲ್ಲಿನ ಡಾಕ್ಟರದು. ಅವರ ಕೈ ಎಷ್ಟು ಹಗುರ ಅಂತೀರಿ? ಒಬ್ಬ ಮನುಷ್ಯ ಮನೆಗೆ ಹೋಗಿ ಕನ್ನಡಿ ನೋಡ್ಕೊಂಡ ಮೇಲೇ ಗೊತ್ತಾಗಿದ್ದು, ಕಿತ್ತಿರೋದು ಪಕ್ಕದ ಹಲ್ಲು ಅಂತ. ನೋವೇ ಆಗಿಲ್ಲ, ಜಗಳ ಹೆಂಗಾಡೋದು ಅಂತ ಸುಮ್ನಾದ! ಆ ಡಾಕ್ಟರಿಗೂ ಅವರ ಹೆಂಡತಿಗೂ ಮಕ್ಕಳಿರಲಿಲ್ಲ. ಈ ಕಾರೇ ಮಗು. ಭಾನುವಾರ ಬಂತು ಅಂದ್ರೆ ಅವರು ಕಾರಿನ ಕೆಳಗೆ, ಆಯಮ್ಮ ಮೇಲೆ. ಕೆಳಗಿಂದ ಅವರು 'ಒತ್ತೇ' ಅನ್ನೋದು, ಮೇಲಿಂದ ಆಯಮ್ಮ 'ಹಿಡಿದೀನಿ' ಅನ್ನೋದು... ಬೀದಿಗೆಲ್ಲ ಕೇಳ್ತಿತ್ತು.

"ಈಗ ಒಂದು ವಿಷಯ ತಿಳ್ಕೊಳ್ಳಿ. ಬ್ರೇಕ್ ಎಣ್ಣೆ ಸೋರಿದ್ರೆ ಪೈಪಿನೊಳಗೆ ಗಾಳಿ ಸೇರತ್ತೆ. ಗಾಳಿ ಸೇರಿದ ಬ್ರೇಕ್ ಒತ್ತಿದ್ರೆ ದಿಂಬು ಒತ್ತಿದಂಗೆ, ಗಾಡಿ ನಿಲ್ಲಲ್ಲ. ಆ ಗಾಳಿ ತೆಗೆಯೋಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ರ ನಿಪ್ಪಲ್ ಅಂತ ಒಂದು ಸಣ್ಣ ತಿರುಪು ಇರತ್ತೆ, ಅದನ್ನ ಸಡಿಲಿಸಿ, ಗಾಳಿ ಹೊರಗೆ ಹಾಕಿ, ಮತ್ತೆ ಬಿಗಿ ಮಾಡ್ಬೇಕು. ಬಿಗಿ ಆಗೋ ಮುಂಚೆ ಮೇಲಿನವರು ಕಾಲೆತ್ತಿದ್ರೋ, ಮುಗೀತು, ಗಾಳಿ ಮತ್ತೆ ಒಳಗೆ. ಅದಕ್ಕೇ ಕೆಳಗಿನವರು ಅದೋ ಆ ಎರಡಕ್ಷರ ಅನ್ನೋವರೆಗೂ," ತುಕ್ಕಜ್ಜ ಸ್ಪ್ಯಾನರಿನಿಂದ ಗೋಡೆಯ ತಗಡನ್ನು ತೋರಿಸಿದ, "ಕಾಲು ಎತ್ತೋ ಹಂಗಿಲ್ಲ."

"ಓ," ಎಂದ ಅಂಚೆಯವನು. ದೀರ್ಘದ ಮಾತು ಮತ್ತೆ ಎತ್ತಲಿಲ್ಲ.

"ಒಂದು ಭಾನುವಾರ ಹಿಂಗೇ ಕೆಲಸ ನಡೀತಿತ್ತು. ಡಾಕ್ಟರು ಒತ್ತು ಅಂದ್ರು, ಆಯಮ್ಮ ಹಿಡಿದೀನಿ ಅಂದ್ರು. ಅಷ್ಟರಲ್ಲಿ ಮನೆಯೊಳಗೆ ಫೋನು. ಯಾರಿಗೋ ಹಲ್ಲುನೋವು. ಡಾಕ್ಟರು ನಿಪ್ಪಲ್ ಬಿಗಿ ಮಾಡಿ ಎದ್ದು ಓಡಿದ್ರು. ಆ ಎರಡಕ್ಷರ ಅನ್ನೋದು ಮರೆತ್ರು. ಇಪ್ಪತ್ತು ನಿಮಿಷ ಮಾತಾಡಿ ಬಂದು ನೋಡ್ತಾರೆ... ಆಯಮ್ಮ ಸೀಟಿಗೆ ಒರಗಿ ಕೂತಿದಾರೆ. ಎದೆಬಡಿತ ನಿಂತು ಎಷ್ಟು ಹೊತ್ತಾಗಿತ್ತೋ. ಕಾಲು ಮಾತ್ರ ಪೆಡಲ್ ಮೇಲೇ ಇತ್ತು... ಒತ್ತಿ ಹಿಡ್ಕೊಂಡೇ ಇತ್ತು."

ನರ್ಸು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

"ಐದು ವರ್ಷ ಶೆಡ್ಡಿನ ಬಾಗಿಲು ತೆಗೀಲಿಲ್ಲ ಅವರು. ಆಮೇಲೆ ಒಂದಿನ ನನ್ನ ಕರೆಸಿದ್ರು. ಎಂಜಿನ್ ಓಡಬೇಕು, ತುಕ್ಕು ಹೋಗಬೇಕು, ಬಣ್ಣ ಮೊದಲಿನಂಗೆ ಹೊಳೀಬೇಕು. 'ಬ್ರೇಕ್ ಮಾತ್ರ ಮುಟ್ಟಬೇಡಿ' ಅಂದ್ರು. ನೀವೇ ಹೇಳಿ, ನಲವತ್ತು ವರ್ಷ ಈ ಕೆಲಸ ಮಾಡಿದೀನಿ, ಹಂಗೆ ಕೇಳಿದ ಗಿರಾಕಿ ಇನ್ನೊಬ್ಬ ಇದಾನಾ? ನಾಲ್ಕೂ ಚಕ್ರದಲ್ಲಿ ಎಣ್ಣೆ ಸೋರಿ ಕಪ್ಪಗೆ ಅಂಟಿದೆ, ಪೆಡಲ್ ನೆಲಕ್ಕೆ ಕಚ್ಚಿ ಕೂತಿದೆ. 'ಡಾಕ್ಟ್ರೇ, ಬ್ರೇಕಿಲ್ಲದೆ ಎಲ್ಲಿಗೆ ಹೋಗ್ತೀರಿ?' ಅಂದೆ. 'ಕೆಳಗೆ' ಅಂದ್ರು. ಅಷ್ಟೇ. ಈ ಇಳಿಜಾರು ನಿಮಗೆ ಗೊತ್ತಲ್ಲ? ಮೂರು ತಿರುವು, ಮೂರನೇದರ ಆಚೆ ಕಲ್ಲಿನ ಕ್ವಾರಿ. ಅವರ ಮನಸ್ಸಲ್ಲೇನಿದೆ ಅಂತ ಅರ್ಥ ಆಯ್ತು. ನಾನು ಓದಿದೋನಲ್ಲ, ಸಮಾಧಾನ ಹೇಳೋಕೆ ಬಾಯಿ ಬರಲ್ಲ. ನನಗೆ ಬರೋದು ಒಂದೇ, ಬ್ರೇಕ್ ಸರಿ ಮಾಡೋದು.

"ಮೊದಲ ವಾರ ತುಕ್ಕು ಕೆರೆದೆ. ಡಾಕ್ಟರು ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು, 'ಇನ್ನೂ ಕೆರೀರಿ, ಹುಳುಕು ಉಳಿಸಬೇಡಿ, ಗಟ್ಟಿ ಜಾಗ ಸಿಗೋವರೆಗೂ ಹೋಗಿ' ಅನ್ನೋರು. ಒಂದೊಂದ್ಸಲ ನನಗೇ 'ಬಾಯಿ ದೊಡ್ಡದಾಗಿ ತೆಗೀರಿ' ಅಂದುಬಿಡೋರು, ಅಭ್ಯಾಸಬಲ! ಆಯಮ್ಮನ ಕತೆ, ಆ ಫೋನಿನ ಕತೆ, ಎಲ್ಲ ಅವರು ಹೇಳಿದ್ದು ಆಗಲೇ. ನೆಲದ ತಗಡು ಒಣಗಿದ ಎಲೆ ಥರ ಉದುರ್ತಾ ಇತ್ತು... ಪೆಡಲ್ ಕೆಳಗಿನ ಒಂದು ಜಾಗ ಹೊರತು. ಹೆಂಗಸಿನ ಹಿಮ್ಮಡಿಯಷ್ಟು ಅಗಲ. ಅಲ್ಲಿ ತಗಡು ನಿನ್ನೆ ಉಜ್ಜಿಟ್ಟಂಗೆ ಹೊಳೀತಿತ್ತು. ಐದು ವರ್ಷದ ಧೂಳಿನಲ್ಲಿ, ಪೆಡಲಿನ ರಬ್ಬರಿನ ಮೇಲೂ ಒಂದು ಕಣ ಧೂಳಿಲ್ಲ. ಡಾಕ್ಟರು ಬಗ್ಗಿ ನೋಡಿದ್ರು, 'ಇಲ್ಲಿ ಹುಳುಕು ಹತ್ತಿಲ್ಲ' ಅಂದ್ರು, ಎದ್ದು ಒಳಗೆ ಹೋದ್ರು.

"ಆಮೇಲೆ ಅವರು ಕ್ಲಿನಿಕ್ಕಿಗೆ ಹೋದ ಹೊತ್ತಲ್ಲಿ, ಮಟಮಟ ಮಧ್ಯಾಹ್ನ, ಕಳ್ಳನ ಥರ ಬ್ರೇಕ್ ಬಿಚ್ಚಿದೆ. ರಬ್ಬರೆಲ್ಲ ಹೊಸದು ಹಾಕಿದೆ, ಒಡೆದ ಪೈಪು ಬದಲಾಯಿಸಿದೆ, ಎಣ್ಣೆ ತುಂಬಿದೆ. ಇನ್ನು ಗಾಳಿ ತೆಗೀಬೇಕು. ಗಾಳಿ ತೆಗೆಯೋಕೆ ಇಬ್ಬರು ಬೇಕು. ನಾನೋ ಒಬ್ಬ. ಯಾರನ್ನ ಕರೆಯೋದು? ಕರೆದ್ರೆ ಡಾಕ್ಟರ ಕಿವಿಗೆ ಬೀಳತ್ತೆ. ಕಾರಿನ ಕೆಳಗೆ ಮಲ್ಕೊಂಡು, ತಲೆ ಕೆಟ್ಟು, ಸುಮ್ನೆ ಬಾಯಿಗೆ ಬಂದಂಗೆ ಅಂದೆ, 'ಒತ್ತಿ... ಹಿಡ್ಕೊಳ್ಳಿ.'

"ಮೇಲೆ ಸೀಟಿನ ಸ್ಪ್ರಿಂಗು ಕಿರ್ ಅಂತು. 'ಹಿಡಿದೀನಿ.'

"ಹೆದರಲಿಲ್ವಾ ಅಂತೀರಾ? ಕಾರಿನ ಕೆಳಗೆ ಇರೋನು ಹೆದರಿ ಎಲ್ಲಿಗೆ ಓಡ್ತಾನೆ? ಎದ್ರೆ ಹಣೆ ಒಡ್ಕೊಳ್ತೀನಿ. ನಿಪ್ಪಲ್ ಸಡಿಲಿಸಿದೆ, ಬುರುಬುರು ಅಂತ ಗಾಳಿ ಬಂತು, ಬಿಗಿ ಮಾಡಿದೆ. ಮಾಡಿ, ಅಭ್ಯಾಸ ನೋಡಿ, ಆ ಎರಡಕ್ಷರ ಅಂದುಬಿಟ್ಟೆ.

"ಮೇಲೆ ಒಂದು ನಿಟ್ಟುಸಿರು ಕೇಳಿಸ್ತು. ಐದು ವರ್ಷದ ನಿಟ್ಟುಸಿರು... ಹೆಗಲ ಮೇಲಿನ ಮೂಟೆ ಇಳಿಸಿದಾಗ ಬರತ್ತಲ್ಲ, ಅಂಥದ್ದು. ಪೆಡಲ್ ಮೇಲಕ್ಕೆ ಬಂತು. ಆಮೇಲೆ ಏನೂ ಇಲ್ಲ. 'ಒತ್ತಿ' ಅಂದೆ. ಇಲ್ಲ. ನಾಲ್ಕು ಸಲ ಕರೆದೆ. ಶೆಡ್ಡು ಬರೀ ಶೆಡ್ಡಾಗಿತ್ತು. ಆಯಮ್ಮ ಹೊರಟುಹೋಗಿದ್ರು. ಒಳ್ಳೇದೇ ಆಯ್ತಲ್ಲ? ಯಾರಾದ್ರೂ ಅಷ್ಟೇ ಅಂದ್ಕೊಳ್ಳೋದು. ಆದರೆ ನಾನು ಸ್ವಾರ್ಥಿ. ಇನ್ನೂ ಮೂರು ಚಕ್ರ ಬಾಕಿ ಇದೆ, ನಾಳೆ ಬೆಳಿಗ್ಗೆ ಡಾಕ್ಟರು ಕಾರು ತೆಗೀತಾರೆ. ಕಾರಿನ ಹೊಟ್ಟೆಗೆ ಹೇಳಿದೆ, 'ತಾಯಿ, ತಪ್ಪಾಯ್ತು. ನಿಮ್ಮ ಯಜಮಾನ್ರು ಬ್ರೇಕ್ ಬೇಡ ಅಂದಿದಾರೆ. ನಾಳೆ ಇಳಿಜಾರಿಗೆ ಹೋಗ್ತಾರಂತೆ. ನಿಲ್ಲೋ ಯೋಚನೆ ಇದ್ದಂಗಿಲ್ಲ.'

"ಎಷ್ಟು ಹೊತ್ತೋ... ಒಂದು ಹಲ್ಲಿ ಲೊಚಗುಟ್ಟಿತು. ಆಮೇಲೆ ಸ್ಪ್ರಿಂಗು ಕಿರ್ ಅಂತು. ಈ ಸಲ ದನಿ ಸ್ವಲ್ಪ ಸಿಟ್ಟಿನದು. ಗಂಡನ ಮೇಲೆ ಬರೋ ಸಿಟ್ಟು ಗೊತ್ತಲ್ಲ, ಅದೇ. 'ಹಿಡಿದೀನಿ!'

"ಮೂರೂ ಚಕ್ರ ಮುಗಿಸಿದೆ. ಆ ಎರಡಕ್ಷರ ಬಾಯಿಗೆ ತರಲಿಲ್ಲ. ಬದಲಿಗೆ 'ಇನ್ನೊಂದ್ಸಲ' ಅಂದೆ. ಇನ್ನೊಂದ್ಸಲ ಅಂದ್ರೆ ಕಾಲೆತ್ತಿ ಮತ್ತೆ ಒತ್ತಲೇಬೇಕಲ್ಲ? ಕೊನೇದಕ್ಕೆ ಏನೂ ಅನ್ನಲಿಲ್ಲ.

"ಬೆಳಿಗ್ಗೆ ಡಾಕ್ಟರು ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಹೋದ್ರು. ನಾನು ಗೇಟಿನ ಹತ್ರ ನಿಂತು ಎಂಜಿನ್ ಸದ್ದು ಎಣಿಸ್ತಿದ್ದೆ. ಮೊದಲ ತಿರುವು... ಎರಡನೇದು... ಮೂರನೇದಕ್ಕೆ ಸದ್ದು ನಿಂತುಹೋಯ್ತು. ಕಾಲು ಗಂಟೆ ಆದ ಮೇಲೆ ಕಾರು ಮೇಲಕ್ಕೆ ಬಂತು, ಎತ್ತಿನ ಗಾಡಿಗಿಂತ ನಿಧಾನ. ಡಾಕ್ಟರ ಮುಖ ಬಿಳಿಚಿತ್ತು. 'ನನ್ನ ಕಾಲು ಹಿಂದಕ್ಕೆ ಮಡಚಿಟ್ಟಿದ್ದೆ ಕಣ್ರೀ. ಪೆಡಲ್ ತಾನೇ ಕೆಳಗಿಳೀತು. ಕ್ವಾರಿ ಅಂಚಿನ ಕಟ್ಟೆಗೆ ಒಂದು ಗೇಣು ಇರೋವಾಗ ನಿಂತಿತು' ಅಂದ್ರು. ನಾನು ಆಗ ಎಲ್ಲ ಹೇಳಿದೆ. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು, ಮಗು ಥರ. ಅತ್ತು ಮುಗಿಸಿ ಕೇಳಿದ್ರು, 'ಈಗ ನಾನು ಆ ಮಾತು ಅನ್ನಲಾ? ಅವಳನ್ನ ಕಳಿಸಲಾ?' ನಾನಂದೆ, 'ಈಗಲೇ ಬೇಡ ಡಾಕ್ಟ್ರೇ, ಹೊಸ ರಬ್ಬರು, ಕೂತ್ಕೊಳ್ಳೋಕೆ ಟೈಮ್ ಬೇಕು.'

"ಹನ್ನೊಂದು ವರ್ಷ ಬೇಕಾಯ್ತು, ಕೂತ್ಕೊಳ್ಳೋಕೆ! ಅಷ್ಟು ವರ್ಷ ಭಾನುವಾರ ಭಾನುವಾರ ಕಾರು ತೆಗೆದ್ರು, ನಗ್ತಾ, ಯಾರ ಜೊತೆಗೋ ವಾದ ಮಾಡ್ತಾ. ಆಮೇಲೆ ನಿದ್ದೇಲಿ ಹೋದ್ರು, ಹಾಸಿಗೇಲಿ, ಹಗುರವಾಗಿ, ಅವರ ಕೈ ಥರಾನೇ. ಕಾರು ನನಗೆ ಅಂತ ಬರೆದಿಟ್ಟು, ಜೊತೆಗೊಂದು ಚೀಟಿ. 'ಆ ಮಾತು ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೀವು ಹೇಳಿ' ಅಂತ." ತುಕ್ಕಜ್ಜ ತಣ್ಣಗಾದ ಚಹ ಕುಡಿದ. "ನನಗೂ ಬಂದಿಲ್ಲ. ನಾಳೆ ಹೇಳೋಣ ಅಂತೀನಿ. ನಾಳೆ ಇನ್ಯಾರದ್ದೋ ಬ್ರೇಕ್ ಸೋರ್ತಾ ಬರತ್ತೆ."

ಮಳೆ ಸಣ್ಣಗಾಗಿತ್ತು. ನರ್ಸು ಕಣ್ಣೊರೆಸಿಕೊಂಡು, ನಗಲು ನೋಡಿ, "ಅಯ್ಯೋ ಅಜ್ಜ, ಬಿ—" ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಂಚೆಯವನು ಟಾರ್ಪಾಲಿನಿಂದ ಎರಡು ಹೆಜ್ಜೆ ದೂರ ಸರಿದ.

ಟ್ಯಾಕ್ಸಿಯವನು ಮಾತ್ರ ಕದಲಲಿಲ್ಲ. ಅವನು ಗ್ಯಾರೇಜನ್ನು ಮೂಲೆ ಮೂಲೆ ನೋಡುತ್ತಿದ್ದ. ಹಿಂದೆ ಬಾಗಿಲಿಲ್ಲ. ಒಳಗೆ ಇನ್ನೊಂದು ಕೋಣೆಯಿಲ್ಲ. ನರ್ಸು ಬಂದದ್ದು ಬ್ರೇಕ್ ಕೆಲಸ ಮುಗಿದ ಮೇಲೆ.

"ಅಜ್ಜಾ," ಎಂದ. "ನಿಮ್ಮ ಮಗಳು... ಸೊಸೆ... ಆಗ ನನ್ನ ಕಾರಲ್ಲಿ ಕೂತಿದ್ರಲ್ಲ, ಅವರು ಎಲ್ಲಿ?"

"ನಾನು ಮದುವೇನೇ ಆಗಿಲ್ಲಪ್ಪ," ಎಂದ ತುಕ್ಕಜ್ಜ. ಕೀ ತಂದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದ. "ಸಹಾಯಕ್ಕೆ ಯಾರನ್ನೂ ಇಟ್ಕೊಂಡೂ ಇಲ್ಲ. ಬ್ರೇಕ್ ಈಗ ಕಲ್ಲಿನಂಗಿದೆ, ಧೈರ್ಯವಾಗಿ ಹೋಗು. ಈ ಇಬ್ಬರನ್ನೂ ಕೂರಿಸ್ಕೊ, ಪಾಪ, ನೆನೀತಾರೆ. ದಾರೀಲಿ ಏನು ಬೇಕಾದ್ರೂ ಮಾತಾಡ್ಕೊಳ್ಳಿ. ಮೂರನೇ ತಿರುವು ದಾಟೋವರೆಗೂ ಆ ಎರಡಕ್ಷರ ಮಾತ್ರ ಯಾರ ಬಾಯಲ್ಲೂ ಬರದಂಗೆ ನೋಡ್ಕೊ. ಕೊನೇ ಸಲ ಆಯಮ್ಮ ಹಿಡಿದೀನಿ ಅಂದಾಗ, ನಾನೇನಾದ್ರೂ ಅಂದಿದ್ದು ನೀನು ಕೇಳಿಸ್ಕೊಂಡ್ಯಾ?"