ಅಕ್ಕ ನಾಗಮ್ಮನ ಮುಖದ ಮಚ್ಚೆ

ಸಭೆಯ ಅಧ್ಯಕ್ಷರಾದ ಪ್ರೇಮಲಾ ಟೀಚರ್ ಅವರೇ, ಮಂಟಪ ಕಮಿಟಿಯ ಭೀಮಶಾ ಅವರೇ, ಜಹೀರಾಬಾದಿನ ಹಿರಿಯರೇ, ಝರಾಸಂಗಂ, ನ್ಯಾಲ್ಕಲ್ ಕಡೆಯಿಂದ ಬಂದಿರುವ ಶರಣ ಬಂಧುಗಳೇ, ಸಭಿಕರೇ,

ಈಗ ತಾನೇ ನೀವು ಚಪ್ಪಾಳೆ ತಟ್ಟಿದ ಈ ಚಿತ್ರವನ್ನು ಬರೆದವರು ನನ್ನ ಯಜಮಾನರು, ಧನರಾಜ. ಕುಂಚ ಹಿಡಿದರೆ ನಡುಗದ ಅವರ ಕೈ ಮೈಕ್ ಹಿಡಿದರೆ ನಡುಗುತ್ತದೆ. ಅದಕ್ಕೆ ಅವರ ಪರವಾಗಿ ನಾನು, ಮಂಗಲಾ, ನಿಂತಿದ್ದೇನೆ. ಎರಡೇ ಮಾತು ಎಂದು ಭೀಮಶಾ ಅವರು ಹೇಳಿದ್ದಾರೆ. ನೋಡೋಣ.

ಬಸವಣ್ಣನವರ ಅಕ್ಕ ನಾಗಮ್ಮ ಹೇಗಿದ್ದರು? ಕಂಡವರು ಯಾರು? ಆ ಕಾಲದಲ್ಲಿ ಫೋಟೊ ತೆಗೆಯುವವರಿದ್ದರೇ? ಇರಲಿಲ್ಲ. ಹಾಗಾಗಿ ಚಿತ್ರ ಬರೆಯಲು ನಮ್ಮವರಿಗೆ ಒಂದು ಜೀವಂತ ಮುಖ ಬೇಕಾಯಿತು. ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಒಳಗೆ ಬೇಳೆ ಸೀದು ವಾಸನೆ ಬಂದರೂ ನಾನು ಏಳಲಿಲ್ಲ. ಕುತ್ತಿಗೆ ಹಿಡಿದುಕೊಂಡರೂ ಕೂತೆ. ಯಾಕೆ ಕೂತೆ? ಮದುವೆಯಾದ ಮೇಲೆ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಇದನ್ನು ಸಭೆಯಲ್ಲಿ ಹೇಳಬಾರದಿತ್ತು. ಇರಲಿ.

ಹೋದ ವಾರ ಚಿತ್ರ ಮುಗಿಯಿತು. ಬಟ್ಟೆ ಸರಿಸಿ ತೋರಿಸಿದರು. ನೋಡಿದೆ. ಸೆರಗು ನನ್ನದು, ಕೈ ನನ್ನದು. ಮುಖ?

"ಇದು ಯಾರ ಮಾರಿರಿ?" ಎಂದೆ.

"ಅಕ್ಕ ನಾಗಮ್ಮಂದು."

"ನಾಗಮ್ಮಗ ಪ್ರೇಮಲಾ ಟೀಚರ್ ಮೂಗು ಎಲ್ಲಿಂದ ಬಂತು?"

ಸಭಿಕರೇ, ನಗಬೇಡಿ. ಅಧ್ಯಕ್ಷರನ್ನು ನೋಡಿ, ಚಿತ್ರವನ್ನು ನೋಡಿ. ಹೋದ ಬಸವ ಜಯಂತಿಗೆ ಟೀಚರ್ ಇದೇ ವೇದಿಕೆಯ ಮೇಲೆ ವಚನ ಓದಿದಾಗ ನಮ್ಮವರು ಮುಂದಿನ ಸಾಲಿನಲ್ಲಿದ್ದರು. ಕೇಳುತ್ತಿದ್ದಾರೆ ಎಂದುಕೊಂಡಿದ್ದೆ.

"ನಾ ಏನ್ ಬೇಕಂತ ಮಾಡೀನೇನು? ಬರೀತಾ ಬರೀತಾ ಹಂಗೇ ಬಂತು," ಎಂದರು. "ನಿನ್ನ ಮಾರಿ ದಿನಾ ನೋಡ್ತೀನಿ. ದಿನಾ ನೋಡಿದ್ದು ಚಿತ್ರಕ್ಕ ಬರಂಗಿಲ್ಲ."

ಹೆಂಡತಿಯಾದವಳು ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕು, ಹೇಳಿ? ಟೀಚರ್ ಅವರಿಗೆ ಇದರಲ್ಲಿ ಏನೂ ಗೊತ್ತಿಲ್ಲ, ಪಾಪ. ಗೊತ್ತಿಲ್ಲದೆಯೇ ಅವರು ನನ್ನ ಮನೆಯೊಳಗೆ ಬಂದು ಕೂತಿದ್ದರು. ಅದೇ ನನಗೆ ಹೆಚ್ಚು ಉರಿಯಿತು.

ನಮ್ಮವರು ಚೌಕಟ್ಟು ತರಲು ಪೇಟೆಗೆ ಹೋದರು. ನಾನು ಅತಿ ಸಣ್ಣ ಕುಂಚ ಹುಡುಕಿ, ಕಪ್ಪು ಬಣ್ಣದಲ್ಲಿ ಅದ್ದಿ, ಆ ಚಂದದ ಮುಖದ ತುಟಿಯ ಪಕ್ಕದಲ್ಲಿ, ನನಗಿರುವಂಥದೇ ಒಂದು ಮಚ್ಚೆಯನ್ನು ಇಟ್ಟುಬಿಟ್ಟೆ. ಕೂತು ಕಾದೆ. ಬೈಯಲಿ, ಹೊಡೆದಾಡಲಿ, ನಾನೂ ಬಿಡುವವಳಲ್ಲ ಎಂದು ಸೆರಗು ಬಿಗಿದೆ.

ಬಂದರು. ನೋಡಿದರು. ಚೌಕಟ್ಟನ್ನು ಗೋಡೆಗೆ ಒರಗಿಸಿದರು. ಆಮೇಲೆ ನನ್ನ ಕೈಯಿಂದ ಕುಂಚ ತೆಗೆದುಕೊಂಡು ಹೇಳಿದರು:

"ತಪ್ಪು ಜಾಗದಾಗ ಇಟ್ಟೀದಿ. ಸ್ವಲ್ಪ ಕೆಳಗ ಬೇಕು."

ನಾನಿಟ್ಟ ಮಚ್ಚೆಯನ್ನು ಅಳಿಸಿ, ಕೆಳಗೆ ಹೊಸದಾಗಿ ಇಟ್ಟರು. ಅವರು ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಕನ್ನಡಿಯ ಮುಂದೆ ಹೋಗಿ ನಿಂತೆ. ಅವರು ಇಟ್ಟ ಜಾಗಕ್ಕೂ ನನ್ನ ಮುಖದ ಮಚ್ಚೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹಾಗೆಂದು ನನ್ನ ಹೊಟ್ಟೆಯುರಿ ಹೋಯಿತು ಎಂದು ಯಾರೂ ತಿಳಿಯಬೇಡಿ. ಮೂಗು ಇನ್ನೂ ಟೀಚರ್ ಅವರದೇ. ಅಧ್ಯಕ್ಷರೇ, ದಯವಿಟ್ಟು ಆ ಚಿತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಡಿ. ಇವತ್ತು ಅಲ್ಲಿ ನಾನು ನಿಲ್ಲುತ್ತೇನೆ.

ಎರಡು ಮಾತು ಹೆಚ್ಚಾದವು. ಸಹಿಸಿಕೊಂಡು ಕೇಳಿದ ನಿಮಗೂ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿರುವ ಕಲಾವಿದರಿಗೂ ನನ್ನ ಧನ್ಯವಾದ. ನಮಸ್ಕಾರ.