ಅಕ್ಬರಿ ಚಾಚಿಯ ಎಸಿ

ಹುಮನಾಬಾದ ಬಸ್ ನಿಲ್ದಾಣದಲ್ಲಿ ಬೀದರ ಬಸ್ಸಿಗೆ ಕಾದಿದ್ದ ಮೀರಾಬಾಯಿಯ ಪಕ್ಕಕ್ಕೆ ಎಸಿ ಕೂಡಿಸುವ ಇಬ್ಬರು ಬಂದು ಕುಳಿತರು. ಕಿರಿಯವನ ತೊಡೆಯ ಮೇಲೆ ಪೈಪಿನ ಹವಾ ಎಳೆಯುವ ಪಂಪಿತ್ತು. ಇಬ್ಬರಿಗೂ ಒಂದೊಂದು ರೊಟ್ಟಿ ಕೊಡೋಣವೆಂದು ಆಕೆ ಬುತ್ತಿಗೆ ಕೈ ಹಾಕಿದಳು.

“ಅಕ್ಬರಿ ಚಾಚಿ ಎಸಿ ಗ್ಯಾಸ್ ಪೂರಾ ಸೋರ್ಯಾದ, ವೀರಭದ್ರಣ್ಣ.”

“ಕೂಡಿಸೋ ದಿನ ಹವಾ ಎಳದು, ಮೀಟರಿನ ಮುಳ್ಳು ಅಲುಗದೆ ನಿಂತದೇನು ನೋಡಿದ್ದಿಲ್ಲೇನು, ವಸೀಮ್?”

“ಎಳ್ಯಾಕತ್ತಿದ್ದೆ. ಖಾನಾ ಆರ್ತದ, ಬಾ ಬೇಟಾ ಅಂದ್ಳು ಚಾಚಿ. ಪಂಪ್ ಬಂದ್ ಮಾಡಿ ಕುಂತೆ. ಉಂಡೆದ್ದು ಹಂಗೇ ಗ್ಯಾಸ್ ಬಿಟ್ಟೆ.”

“ಎಲ್ಲೆರ ಸೋರ್ತದೇನಂತ ಜೋಡಣಿಗೆ ಸಾಬೂನ್ ನೀರರ ಹಚ್ಚಿ ನೋಡಿದ್ದೇನು?”

“ಇಲ್ಲ.”

“ಆಕಿ ಫೋನ್ ಮಾಡ್ಲಿಲ್ಲಾ?”

“ನಿನ್ನೆ ಆಕಿ ಮಗಳು ಬಂದು ನೋಡಿ ಮಾಡಿದ್ಳು. ಚಾಚಿ ಎರಡು ತಿಂಗಳು ಬಿಸಿ ಹವಾದಾಗೇ ಕುಂತಾಳ. ನನ್ನ ಹೆಸರು ಕೆಡಬಾರದಂತ ಓಣ್ಯಾಗೆಲ್ಲ ಭಾಳ ಥಂಡ ಅದ ಅಂದಾಳ. ಆಕಿ ಮಾತು ಕೇಳಿ ಮೂರು ಮನಿಯವ್ರು ನನ್ನ ಕರದ್ರು.”

ಚಾಚಿಯ ಊರಿಗೆ ಹೋಗುವ ಕಲ್ಯಾಣದ ಬಸ್ ಬಂತು. ಇಬ್ಬರೂ ಎದ್ದರು.

“ಇವತ್ತ ಊಟಕ್ಕ ಕರದ್ರ?”

“ಮುಳ್ಳು ನಿಲ್ಲೋ ತನಕ ಏಳಂಗಿಲ್ಲ.”

“ನೀ ಏಳೋ ತನಕ ಆಕಿನೂ ಉಣ್ಣಂಗಿಲ್ಲ.”

ವಸೀಮ್ ಪಂಪನ್ನು ಎತ್ತಿಕೊಂಡು ಬಸ್ ಹತ್ತಿದ. ಮೀರಾಬಾಯಿ ಅವರಿಗೆಂದು ಅರ್ಧ ಬಿಚ್ಚಿದ್ದ ಬುತ್ತಿಯ ಗಂಟನ್ನು ಮತ್ತೆ ಬಿಗಿದಳು.