ಸೀಟಿಗೆ ಕೊಟ್ಟ ಬಿಲ್ಲೆ

ಮೊದಲು ಆ ಬಾಗಿಲು ಮುಂದಕ್ಕೆ ಹಾಕಿ... ಹಾಂ. ಈಗ ಹೇಳ್ತೀನಿ.

ನವೆಂಬರಿನಲ್ಲಿ ಚೆಕ್ ದೇಶದ ಬೆಟ್ಟದ ಸೀಮೆಯಲ್ಲಿ ನಾಲ್ಕೂವರೆಗೇ ಕತ್ತಲು. ಆ ಶನಿವಾರ ಹಿನೆಕ್ ಅನ್ನುವವನು ಕಾಡಿನ ಬಾವಿ ದಾಟಿ ಮನೆ ಮುಟ್ಟಿದ್ದು ಏಳಕ್ಕೆ. ಕೈಯಲ್ಲಿ ನಾಯಿಯ ಹಗ್ಗ ಇತ್ತು. ನಾಯಿ ಇರಲಿಲ್ಲ.

ಹಿನೆಕ್ ನನ್ನ ಮೇಲಿನ ಮನೆಯವನು. ನಾನು ಊರೂರು ಅಲೆದು ಕೊನೆಗೆ ಅಲ್ಲಿನ ಮರ ಕೊಯ್ಯುವ ಕಾರ್ಖಾನೆಗೆ ಸೇರಿದಾಗಿನಿಂದ ಅವನ ನೆರೆ. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗೆ ಅಂತ ಉಳಿದವಳು ಆಸ್ತಾ ಒಬ್ಬಳೇ. ಕಂದು ಬೇಟೆನಾಯಿ, ಹನ್ನೊಂದು ವರ್ಷದ ಮುದುಕಿ. ಹಿಂದಿನ ಒಂದು ಕಾಲು ಎಳೆದು ನಡೆಯುತ್ತಿದ್ದಳು. ಮೆಟ್ಟಿಲು ಹತ್ತಲಾರದ ದಿನ ಅವನೇ ಎತ್ತಿಕೊಂಡು ಹೋಗುತ್ತಿದ್ದ.

ಅಲ್ಲಿಯವರಿಗೆ ರಜಾ ಬಂದರೆ ಡಬ್ಬಿ ಹುಡುಕುವ ಹುಚ್ಚು. ಯಾರೋ ಕಾಡಿನಲ್ಲಿ ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಎಲ್ಲರಿಗೂ ಫೋನಿನಲ್ಲಿ ಕಾಣುವ ಹಾಗೆ ಹಾಕಿರುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದ ಹಾಗೇ ಮುಚ್ಚಿಡಬೇಕು. ಒಳಗಿನದೊಂದು ಸಾಮಾನು ಬೇಕೆಂದರೆ ತಗೋಬಹುದು. ಆದರೆ ಅದಕ್ಕೆ ಸರಿಸಮನಾದದ್ದು ಇಡಬೇಕು. ಏನು ತೆಗೆದೆ, ಏನಿಟ್ಟೆ ಅಂತ ಬರೀಬೇಕು. ಬೇರೆ ಯಾವ ಮಾತು ತಪ್ಪಿದರೂ ಈ ನೇಮ ಮಾತ್ರ ಯಾರೂ ತಪ್ಪುವುದಿಲ್ಲ.

ಅವತ್ತು ಮೂವರು. ಹಿನೆಕ್, ಅವನ ಜೊತೆ ಓದಿದ ರಾದಿಮ್, ಬ್ರೆಡ್ಡಿನಂಗಡಿಯ ವೆಂದುಲಾ. ಹಿನೆಕ್ ಜೊತೆ ಆಸ್ತಾ, ವೆಂದುಲಾಳ ಜೊತೆ ಅವಳ ಗಿಡ್ಡ ನಾಯಿ ಪುಂತ್ಯಾ. ಮಧ್ಯಾಹ್ನದೊಳಗೆ ಐದು ಡಬ್ಬಿ ಸಿಕ್ಕವು. ಬೆಂಕಿ ಹಾಕಿ ಸಾಸೇಜ್ ಸುಟ್ಟು ತಿಂದರು. ಆರನೆಯದು ಬಾವಿಯ ಹಿಂದೆ, ಮರದ ಬೇರಿನಡಿ.

ಎಲ್ಲ ಡಬ್ಬಿಗೂ ಮೊದಲು ಮೂಗು ತೂರಿಸುತ್ತಿದ್ದ ಪುಂತ್ಯಾ ಇಪ್ಪತ್ತು ಹೆಜ್ಜೆ ಆಚೆಯೇ ಕೂತುಬಿಟ್ಟಿತು. ಗುರ್‌ರ್... ಗುರ್‌ರ್...

"ಏನೇ, ನಿನ್ನ ಹುಲಿ ಹೆದರ್ಕೊಂಡ್ತಾ?" ರಾದಿಮ್ ನಕ್ಕ.

"ನಿನ್ ಮುಖ ಹತ್ರದಿಂದ ನೋಡಿರ್ಬೇಕು ಕಣೋ," ಅಂದಳು ವೆಂದುಲಾ.

ಡಬ್ಬಿಯೊಳಗೆ ಒಂದು ಪುಸ್ತಕ, ಪೆನ್ಸಿಲ್ಲು, ಹಿತ್ತಾಳೆಯ ಸೀಟಿ. ನಾಯಿ ಕರೆಯುವ ಸೀಟಿ ಅದು, ಮನುಷ್ಯರ ಕಿವಿಗೆ ಕೇಳುವುದಿಲ್ಲ. ಹಿನೆಕ್ ಊದಿದ. ಹ್ಸ್ಸ್... ಬರೀ ಉಸಿರು. ಆಸ್ತಾಳ ಕಿವಿ ನಿಮಿರಿತು. ಆದರೆ ಅವಳು ಹಿನೆಕ್ ಕಡೆ ನೋಡಲಿಲ್ಲ... ಬಾವಿಯಾಚೆ ನೋಡಿದಳು.

"ಇದು ನಂಗೆ," ಅಂದ ಹಿನೆಕ್.

"ಬದ್ಲಿಗೆ ಏನಿಡ್ತೀಯ?" ವೆಂದುಲಾ ಕೇಳಿದಳು.

ಜೇಬು ತಡಕಿದ. ಏನೂ ಇರಲಿಲ್ಲ.

"ನಾಯಿ ಸಾಮಾನಿಗೆ ನಾಯಿ ಸಾಮಾನೇ ಇಡೋ, ಸರಿಸಮ ಆಗುತ್ತೆ," ಅಂದ ರಾದಿಮ್.

ಹಿನೆಕ್ ಬಗ್ಗಿ ಆಸ್ತಾಳ ಕೊರಳಿನ ಬಿಲ್ಲೆ ಬಿಚ್ಚಿದ. ಅವಳ ಹೆಸರು ಕೆತ್ತಿದ್ದ ಬಿಲ್ಲೆ. ಡಬ್ಬಿಗೆ ಹಾಕಿ, ಬರೆದು, ಮುಚ್ಚಿದರು.

ಇನ್ನೂರು ಹೆಜ್ಜೆ ಬಂದಿರಬೇಕು. ಹಿಂದೆ ಒಣಗಿದೆಲೆಯ ಮೇಲೆ ಸದ್ದು. ಚರ್... ಚರ್... ಚರ್... ಇವರು ನಿಂತರೆ ಅದೂ ನಿಲ್ಲುತ್ತಿತ್ತು.

"ಹಿಂದೆ ಏನೋ ಇದೆ," ವೆಂದುಲಾ ಪಿಸುಗುಟ್ಟಿದಳು.

"ಜಿಂಕೆ," ಅಂದ ರಾದಿಮ್.

"ನಾವು ನಿಂತ್ರೆ ಜಿಂಕೆ ಯಾಕೋ ನಿಲ್ಲುತ್ತೆ?"

ಹಿಂದೆ, ದಾರಿಹೋಕರು ನೀರು ಕುಡಿಯಲೆಂದು ಬಾವಿಯ ಮೊಳೆಗೆ ತೂಗುಹಾಕಿದ್ದ ತಗಡಿನ ಲೋಟ ಟಿಣ್ ಅಂತು. ಗಾಳಿ ಇರಲಿಲ್ಲ. ಆಸ್ತಾ ತಿರುಗಿ ನಿಂತಳು. ಬಾಲ ಅಲ್ಲಾಡಿಸಿದಳು, ಬಲ್ಲವರನ್ನು ಕಂಡ ಹಾಗೆ. ಹಗ್ಗದ ಕೊಕ್ಕೆ ಟಿಕ್ ಅಂತ ತಾನೇ ಬಿಚ್ಚಿಕೊಂಡಿತು... ಓಡಿದಳು. ಕಾಲು ಎಳೆಯದೆ ಓಡಿದಳು.

"ಆಸ್ತಾ! ಆಸ್ತಾ!"

ಆ ಹೆಸರು ತನ್ನದೇ ಅಲ್ಲ ಎನ್ನುವ ಹಾಗೆ ಹೋಗಿಬಿಟ್ಟಳು.

ಹಿನೆಕ್‌ಗೆ ಆಗ ಹೊಳೆಯಿತು. "ಬಿಲ್ಲೆ... ಬಿಲ್ಲೆ ವಾಪಸ್ ತಗೋಬೇಕು ಕಣ್ರೋ."

ಓಡಿಹೋಗಿ ಡಬ್ಬಿ ತೆಗೆದರು. ಕಿರ್‌ರ್... ಬಿಲ್ಲೆ ಇರಲಿಲ್ಲ. ಪುಸ್ತಕದಲ್ಲಿ ಇವರ ಮೂರು ಹೆಸರಿನ ಕೆಳಗೆ ಹೊಸದಾಗಿ ಎರಡು ಸಾಲು. ಕಾಗದ ಒದ್ದೆ. "ತೆಗೆದದ್ದು: ಬಿಲ್ಲೆ. ಇಟ್ಟದ್ದು: ಆಗಲೇ ಕೊಟ್ಟಾಯಿತು." ಹೆಸರು ಬರೆದಿರಲಿಲ್ಲ.

"ಆ ಸೀಟಿ ಅಲ್ಲೇ ಬಿಸಾಕೋ!" ಅಂದ ರಾದಿಮ್.

"ಬಿಸಾಕಿದ್ರೆ ಅವಳನ್ನ ಹ್ಯಾಗೋ ಕರೀಲಿ?"

ದಾರಿಯುದ್ದಕ್ಕೂ ಊದಿದ. ತುಟಿ ಒಡೆಯುವ ತನಕ ಊದಿದ. ಆಸ್ತಾ ಬರಲಿಲ್ಲ. ಆ ಚರ್ ಚರ್ ಮಾತ್ರ ಹತ್ತಿರ ಬಂತು... ಪಕ್ಕಕ್ಕೇ ಬಂತು. ಪುಂತ್ಯಾ ವೆಂದುಲಾಳ ಕೋಟಿನೊಳಗೆ ಮುಖ ಹುದುಗಿಸಿದ್ದು ಎತ್ತಲೇ ಇಲ್ಲ. ಕಾಡು ಮುಗಿದು ಡಾಂಬರು ರಸ್ತೆ ಸಿಕ್ಕಿತಲ್ಲ, ಅಲ್ಲಿ ಸದ್ದು ಬದಲಾಯಿತು. ಟಕ್ ಟಕ್ ಟಕ್ ಟಕ್. ಉಗುರಿನ ಸದ್ದು.

ಒಂದು ತಿಂಗಳು ಹುಡುಕಿದೆವು. ನಾನೂ ಹೋಗಿದ್ದೆ. ಕಂಬಕಂಬಕ್ಕೆ ಅವಳ ಫೋಟೋ ಅಂಟಿಸಿದೆವು. ಆ ಬೇರಿನಡಿ ಡಬ್ಬಿಯೂ ಸಿಗಲಿಲ್ಲ.

ರಾತ್ರಿ ನನ್ನ ತಲೆಯ ಮೇಲೆ ಹಲಗೆಯ ನೆಲ. ಟಕ್ ಟಕ್ ಟಕ್ ಟಕ್... ಆಮೇಲೆ ಧಪ್ ಅಂತ ಮಲಗಿದ ಸದ್ದು. ಆಸ್ತಾಳ ನಡಿಗೆ ನನಗೆ ಗೊತ್ತಿಲ್ಲವೇ? ಈ ಸದ್ದಿನಲ್ಲಿ ಕಾಲೆಳೆತ ಇಲ್ಲ.

ಒಂದಿನ ಮೆಟ್ಟಿಲ ಮೇಲೆ ಕೇಳಿಯೇಬಿಟ್ಟೆ. "ಏನಪ್ಪಾ ಅದು ಮೇಲೆ?"

ಅವನು ಆಚೀಚೆ ನೋಡಿ ಮೆಲ್ಲಗೆ ಅಂದ. "ಇದಕ್ಕೆ ನಾನು ಹೊತ್ತುಹೊತ್ತಿಗೆ ತಿನ್ನೋಕೆ ಹಾಕಿದ್ರೆ... ಅಲ್ಲಿ ಅವಳಿಗೂ ಯಾರೋ ಹಾಕ್ತಾರೆ. ಸರಿಸಮ ಅಲ್ವಾ?"

ನಾನು ಈ ಸಲ ಊರಿಗೆ ಹೊರಡುವ ಮುನ್ನಾದಿನ ಹಿನೆಕ್ ನಾಯಿ ತಿಂಡಿಯ ದೊಡ್ಡ ಚೀಲ ಹೆಗಲಿಗೇರಿಸಿಕೊಂಡು ಬಂದ. ಕೆಳಗಿನ ಬಾಗಿಲು ನಾನೇ ತೆರೆದು ಹಿಡಿದೆ. ಅವನು ಒಳಗೆ ಬಂದ. ನಾನು ಬಾಗಿಲು ಬಿಡಬೇಕೆನ್ನುವಾಗ ಅವನು ತಿರುಗಿ ಅಂದ.

"ಇನ್ನೊಂಚೂರು ಹಿಡ್ಕೋ ಮಾರಾಯ. ಅದೂ ಒಳಗೆ ಬರ್ಲಿ."

ಹಿಡಿದುಕೊಂಡೆ. ಸುಳ್ಳಾದರೆ ನನ್ನ ನಾಲಿಗೆ ಸೇದಿಹೋಗಲಿ. ಅವತ್ತು ಮಳೆ ಇರಲಿಲ್ಲ, ಹಿಮ ಇರಲಿಲ್ಲ. ಮನೆಯೊಳಗೆ ಹೋಗಿ ದೀಪ ಹಾಕಿ ನೋಡಿದರೆ ನನ್ನ ಪ್ಯಾಂಟು ಮೊಣಕಾಲಿನ ಹತ್ತಿರ, ಒಂದೇ ಬದಿ, ಒದ್ದೆಯಾಗಿತ್ತು.